ಹನ್ನೊಂದು ಕ್ಲಿಪ್ಪು

ವಾರ್ತೆ ಓದುವವರ ಕೋಟು ಎರಡು ಅಳತೆ ದೊಡ್ಡದು. ಸ್ಟುಡಿಯೋದ ಟೈಲರ್ ಹನ್ನೆರಡು ವರ್ಷದಿಂದ ಮಾಡುತ್ತಿದ್ದುದನ್ನೇ ಇವತ್ತೂ ಮಾಡಿದ. ಬೆನ್ನಿನ ಕಡೆ ಬಟ್ಟೆ ಎಳೆದು ಹಿಡಿದು, ಬಟ್ಟೆ ಒಣಹಾಕುವ ಕ್ಲಿಪ್ಪು ಹನ್ನೊಂದು ಸಿಕ್ಕಿಸಿದ. ಮುಂದಿನಿಂದ ನೋಡಿದರೆ ಮೈಗೇ ಹೊಲಿದ ಹಾಗಿತ್ತು. ಟಿವಿಯಲ್ಲಿ ಬೆನ್ನು ಯಾರಿಗೆ ಬೇಕು?

ಅಷ್ಟರಲ್ಲಿ ಮೇಕಪ್ಪಿನ ಅಕ್ಕ ಬಂದವಳೇ ಬಾಯಿ ಮೇಲೆ ಕೈಯಿಟ್ಟಳು. "ಅಯ್ಯೋ, ಇವತ್ತು ಹೊಸ ಮಿಷನ್ನು ಕಣೋ! ಕೆಳಗಡೆ ಹಾಲ್‌ನಲ್ಲಿ ಗಾಜಿನ ಡ್ರಮ್ಮು ಇಟ್ಟಿದಾರಲ್ಲ, ಅದರೊಳಗೆ ವಾರ್ತೆಯವರು ಬೆಳಕಿನ ಗೊಂಬೆ ಥರ ಕಾಣ್ತಾರಂತೆ. ಜನ ಸುತ್ತ ತಿರುಗಿ ಹಿಂದೆ ಮುಂದೆ ಎಲ್ಲಾ ನೋಡಬಹುದಂತೆ."

"ನನಗ್ಯಾಕೆ ಒಬ್ರೂ ಹೇಳಲಿಲ್ಲ?"

"ಟೈಲರಿಗೆ ಹೇಳೋದೇನಿದೆ ಅಂದ್ರು ಇಂಜಿನಿಯರು."

ಟೈಲರಿಗೆ ಮೈಯೆಲ್ಲ ಉರಿದುಹೋಯಿತು. ಹೊಸ ಕೋಟಿಗೆ ಬಟ್ಟೆ ಕೊಡಿ ಎಂದು ಮೂರು ಸಲ ಬರೆದುಕೊಟ್ಟಿದ್ದ. ಮೂರು ಸಲವೂ 'ಕ್ಲಿಪ್ಪು ಹಾಕು ಸಾಕು' ಎಂದಿದ್ದರು. ಈಗ ಮಾನ ಹೋಗುವುದು ಯಾರದು? ಅವನ ಕೆಲಸ ಕಾಯಂ ಮಾಡುವ ಕಾಗದ ಸ್ಟುಡಿಯೋ ಯಜಮಾನರ ಜೇಬಿನಲ್ಲಿತ್ತು, ಸಹಿಯೊಂದು ಬಾಕಿ. ಅದೇ ಯಜಮಾನರು ಅತಿಥಿಗಳ ಜೊತೆ ಡ್ರಮ್ಮಿನ ಸುತ್ತ ನಿಂತಿದ್ದರು.

ದೀಪ ಹೊತ್ತಿತು. ವಾರ್ತೆಯವರು ಸ್ಟೂಲಿನ ಮೇಲೆ ಕೂತು ಶುರುಮಾಡಿಯೇಬಿಟ್ಟರು. ಕ್ಲಿಪ್ಪುಗಳನ್ನಾದರೂ ಕಿತ್ತುಬಿಡೋಣ ಎಂದು ಟೈಲರ್ ಹಿಂದೆಮುಂದೆ ನೋಡದೆ ನೆಲಕ್ಕೆ ಹೊಟ್ಟೆ ಕೊಟ್ಟು ತೆವಳಿದ. ಓದುವವರ ಬೆನ್ನ ಹಿಂದೆ ಅಡಗಿದರೆ ತಾನು ಕಾಣುವುದಿಲ್ಲ ಎಂಬ ಧೈರ್ಯ. ಕ್ಯಾಮೆರಾಗಳು ಸುತ್ತಲೂ ಇವೆ ಎಂಬುದು ಆ ತಲೆಗೆ ಹೊಳೆಯಲೇ ಇಲ್ಲ.

ಕೆಳಗೆ ಡ್ರಮ್ಮಿನಲ್ಲಿ, ಗೇಣುದ್ದದ ವಾರ್ತೆಯವರ ಹಿಂದೆ ಅಷ್ಟೇ ಪುಟ್ಟ ಟೈಲರ್ ತೆವಳಿ ಬಂದು ಒಂದೊಂದೇ ಕ್ಲಿಪ್ಪು ಕೀಳುತ್ತಿದ್ದ. ಹನ್ನೊಂದನೆಯದು ಬಂದಿದ್ದೇ ತಡ, ಕೋಟು ಛತ್ರಿಯ ಹಾಗೆ ಬಿಚ್ಚಿಕೊಂಡಿತು. "ಏಯ್, ಯಾರೋ ಅದು!" ಎಂದು ವಾರ್ತೆಯವರು ಹಾರಿಬಿದ್ದರು.

ಯಜಮಾನರು ಮೆಟ್ಟಿಲು ಹತ್ತಿ ಓಡಿ ಬಂದರು.

"ಬೈಯಿರಿ ಸಾರ್! ಆದ್ರೆ ಬಟ್ಟೆ ಕೊಡದೆ ಕೋಟು ಹೊಲಿ ಅಂದ್ರೆ ಚರ್ಮ ಸುಲಿದು ಹೊಲೀಲಾ?" ಟೈಲರ್ ಕೂಗಿಯೇಬಿಟ್ಟ.

"ಯಾರು ಬೈತಾರಯ್ಯಾ! ಇದು ಲೈವ್ ಅಲ್ಲ, ಮೊದಲೇ ತೆಗೆದಿಟ್ಟಿದ್ದು ಅಂತ ಅತಿಥಿಗಳೆಲ್ಲಾ ಮೂಗು ಮುರೀತಿದ್ರು. ನಿನ್ನ ನೋಡಿದ ಮೇಲೇ ನಂಬಿದ್ದು!" ಯಜಮಾನರು ಕಾಗದ ತೆಗೆದು, ಒಂದು ಸಾಲು ತಿದ್ದಿ, ಅಲ್ಲೇ ಸಹಿ ಹಾಕಿದರು.

ಟೈಲರ್ ಓದಿದ. ಕಾಯಂ, ನಿಜ. ಕೆಲಸ: ದಿನಾ ವಾರ್ತೆಯ ಹೊತ್ತಿಗೆ ಹಿಂದಿನಿಂದ ತೆವಳುವುದು.

"ಮತ್ತೆ ಹೊಲಿಗೆ?"

"ಅದಕ್ಕೆ ಬೇರೆಯವರು ಬರ್ತಾರೆ. ವಾರ್ತೆಯವರಿಗೆ ಹೊಸ ಕೋಟು ಆಗಬೇಕಲ್ಲ."

"ಹಾಗಾದ್ರೆ ನನಗೂ ಅಳತೆಗೆ ಸರಿಯಾಗಿ ಒಂದು ಕೋಟು ಹೊಲಿಸಿ ಸಾರ್! ನಾನೂ ನಾಲ್ಕು ಜನಕ್ಕೆ ಕಾಣೋನೇ!"

ಮೇಕಪ್ಪಿನ ಅಕ್ಕ ಆ ಹಳೆಯ ದೊಗಳೆ ಕೋಟನ್ನೇ ತಂದು ಅವನಿಗೆ ತೊಡಿಸಿದಳು.

"ತೆವಳೋನ ಹೊಟ್ಟೆ ಯಾರಿಗೆ ಕಾಣುತ್ತೋ? ಅಲ್ಲಾಡಬೇಡ," ಎಂದು ಹನ್ನೊಂದು ಕ್ಲಿಪ್ಪನ್ನೂ ಮುಂದುಗಡೆಗೆ ಸಿಕ್ಕಿಸಿದಳು.