ಬೈರಣ್ಣನವರ ಬಹಿರಂಗ ಬೇಸಾಯ

ಉತ್ತರಹಳ್ಳಿಯ ಬೈರಣ್ಣನವರಿಗೆ ಸಿಟ್ಟು ಬಂದದ್ದು ತಮ್ಮ ಹೆಸರು ಗೋಡೆಯ ಮೇಲೆ ಬಂದದ್ದಕ್ಕಲ್ಲ, ಅದನ್ನು ಓದಿ ಜನ ನಕ್ಕದ್ದಕ್ಕೆ. ರೈತರಿಗೆ ಸರ್ಕಾರ ಕೊಡುವ ಸಹಾಯಧನ ಯಾರ್ಯಾರಿಗೆ ಹೋಗುತ್ತಿದೆ ಎಂಬ ಪಟ್ಟಿಯನ್ನು ಕೃಷಿ ಕಚೇರಿಯವರು ತಮ್ಮ ಹೊರಗೋಡೆಗೆ ಎಲ್ಲರಿಗೂ ಕಾಣುವಂತೆ ಅಂಟಿಸಿದ್ದರು. ಹದಿನೇಳನೆಯ ಹೆಸರು ಬೈರಣ್ಣ. ಅವರಿಗೆ ನಾಲ್ಕು ಅಂತಸ್ತಿನ ಕಟ್ಟಡ, ಹನ್ನೊಂದು ಬಾಡಿಗೆ ಮನೆ ಇರುವುದು ಊರಿಗೆಲ್ಲ ಗೊತ್ತು. ಕಟ್ಟಡದ ಹಿಂದೆ ಇಪ್ಪತ್ತು ಗುಂಟೆ ರಾಗಿ ಹೊಲ ಇನ್ನೂ ಉಳಿದಿರುವುದು ಮಾತ್ರ ಯಾರ ನೆನಪಿನಲ್ಲೂ ಇರಲಿಲ್ಲ. (ನಿಜ ಹೇಳಬೇಕೆಂದರೆ, ಬೈರಣ್ಣನವರೇ ಅದರೊಳಗೆ ಕಾಲಿಟ್ಟು ಹನ್ನೆರಡು ವರ್ಷವಾಗಿತ್ತು. ಬಿಳಿ ಪಂಚೆಗೆ ಕೆಮ್ಮಣ್ಣು ಆಗಿಬರುವುದಿಲ್ಲ.)

ಎರಡನೇ ಮಹಡಿಯ ಬಾಡಿಗೆದಾರ, ನಿವೃತ್ತ ಬ್ಯಾಂಕ್ ಅಧಿಕಾರಿ ವೆಂಕಟಾಚಲ ಪಟ್ಟಿಯ ಫೋಟೊ ತೆಗೆದುಕೊಂಡೇ ಬಂದರು.

“ನೀವು ರೈತರು ಅಂತ ನಂಗೆ ಗೊತ್ತೇ ಇರ್ಲಿಲ್ಲ ಬೈರಣ್ಣನವರೇ. ಪಾರದರ್ಶಕತೆ ಅಂದ್ರೆ ಇದು ನೋಡಿ.”

“ಹಂಗಂದ್ರೆ ಏನ್ ಸಾರ್? ನಮ್ಮಪ್ಪ ರೈತ, ನಮ್ ತಾತ ರೈತ. ಕರೀರಿ ಆಫೀಸರ್‌ನ. ಹೊಲದಲ್ಲೇ ನಿಂತು ತನಿಖೆ ಮಾಡ್ಲಿ, ಬಿಲ್ಡಿಂಗ್‌ನೋರೆಲ್ಲ ನೋಡ್ಲಿ. ಏನ್ ಬರ್ಕೊಂಡ್ರೂ ಅದನ್ನೂ ಗೋಡೆಗೆ ಅಂಟಿಸ್ಲಿ.”

ಹೆಂಡತಿ ಅಂಜನಮ್ಮ ಒಳಗಿನಿಂದಲೇ, “ರೀ, ಸುಮ್ನಿರಿ. ಹೊಲಕ್ಕೆ ಯಾವ್ ಕಡೆಯಿಂದ ಇಳೀಬೇಕು ಅಂತಾದ್ರೂ ಗೊತ್ತಾ ನಿಮ್ಗೆ?” ಎಂದರು.

“ನೀನು ಮುದ್ದೆ ನೋಡ್ಕೋ. ಇದು ಮಾನದ ವಿಷ್ಯ.”

ಮಾನದ ವಿಷಯವೆಂದ ಮೇಲೆ ಮುಗಿಯಿತು. ಬೈರಣ್ಣನವರೇ ಕಚೇರಿಗೆ ಹೋಗಿ ಬಹಿರಂಗ ಪರಿಶೀಲನೆ ಆಗಲೇಬೇಕೆಂದು ಅರ್ಜಿ ಕೊಟ್ಟು ಬಂದರು.

ಬುಧವಾರ ಕೃಷಿ ಅಧಿಕಾರಿ ಸಂಗೀತಾ ಬಂದರು. ಬಾಡಿಗೆದಾರರೆಲ್ಲ ಮದುವೆ ಮನೆಯವರಂತೆ ಬದುವಿನ ಮೇಲೆ ನೆರೆದರು. ಬೈರಣ್ಣನವರು ಪಂಚೆ ಎತ್ತಿ ಕಟ್ಟಿ, ತಲೆಗೆ ಹೊಸ ಟವೆಲ್ ಸುತ್ತಿ (ಅಂಗಡಿಯ ಚೀಟಿ ಇನ್ನೂ ಕಿವಿಯ ಹತ್ತಿರ ತೂಗುತ್ತಿತ್ತು) ರಣರಂಗಕ್ಕಿಳಿದರು.

“ಯಾವ ತಳಿ ಹಾಕಿದ್ದೀರಾ ಸಾರ್?” ಸಂಗೀತಾ ಕೇಳಿದರು.

“ಒಳ್ಳೇ ತಳಿ ಮೇಡಂ.”

“ಬಿತ್ತಿ ಎಷ್ಟು ದಿನ ಆಯ್ತು?”

“ರೈತನಿಗೆ ಬಾಯಲ್ಲ ಮೇಡಂ, ಕೈ ಮುಖ್ಯ. ಹೆಂಗೆ ಕಳೆ ಕೀಳ್ತೀನಿ ನೋಡಿ.”

ಕುಕ್ಕರುಗಾಲಲ್ಲಿ ಕೂತು ಒಂದು ಸಾಲು ಪೂರ್ತಿ ಸರಸರನೆ ಕಿತ್ತು ಬದುವಿಗೆ ಎಸೆದರು. ಬಾಡಿಗೆದಾರರು ಚಪ್ಪಾಳೆ ತಟ್ಟಿದರು. ಅಂಜನಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿಬಂದು ಗಂಡನ ಕೈ ಹಿಡಿದರು.

“ಕಳೆ ಎಲ್ಲ ಹಂಗೇ ಬಿಟ್ಟು ರಾಗಿ ಪೈರು ಕಿತ್ತಾಕಿದ್ದೀರಲ್ರೀ. ಇಪ್ಪತ್ತೈದು ದಿನದಿಂದ ಮಗು ಸಾಕ್ದಂಗೆ ಸಾಕಿದ್ದೀನಿ.”

ಎಳೆ ರಾಗಿಗೂ ಅದರ ನಡುವಿನ ಹುಲ್ಲಿಗೂ ಅಣ್ಣತಮ್ಮಂದಿರ ಹೋಲಿಕೆ. ದಿನಾ ಕಂಡವರಿಗಷ್ಟೇ ವ್ಯತ್ಯಾಸ ತಿಳಿಯುತ್ತದೆ. ಸಂಗೀತಾ ಅಂಜನಮ್ಮನ ಕಡೆ ತಿರುಗಿದರು. ಆಕೆ ತಳಿ, ಗೊಬ್ಬರ, ಬಿತ್ತಿದ ವಾರ, ಹೆಗ್ಗಣ ಬರುವ ಮೂಲೆ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದರು.

“ಸಾರ್, ಇದ್ದದ್ದನ್ನ ಇದ್ದಂಗೆ ಬರೀಬೇಕಾಗುತ್ತೆ,” ಎಂದರು ಸಂಗೀತಾ.

“ಬರೀರಿ ಮೇಡಂ. ನಾನು ಯಾರಿಗೂ ಹೆದರೋನಲ್ಲ.”

ಮುಂದಿನ ಬುಧವಾರ ಗೋಡೆಗೆ ವರದಿ ಬಂತು: ‘ಬೈರಣ್ಣ: ಜಮೀನು ಇದೆ, ಬೆಳೆಯ ಪರಿಚಯವಿಲ್ಲ. ಸಾಗುವಳಿ ಮಾಡುತ್ತಿರುವವರು ಪತ್ನಿ ಅಂಜನಮ್ಮ. ಸಹಾಯಧನ ತಡೆಹಿಡಿಯಲಾಗಿದೆ.’ ವೆಂಕಟಾಚಲ ಅದರದ್ದೂ ಫೋಟೊ ತೆಗೆದರು.

“ಹೊಲ ನನ್ ಹೆಸ್ರಿಗೆ ಮಾಡಿ, ಪಟ್ಟೀಲಿ ನಾನಿರ್ತೀನಿ,” ಎಂದರು ಅಂಜನಮ್ಮ.

“ಆಗಲ್ಲ. ಈ ಹೊಲದ ರೈತ ನಾನೇ.”

“ಹಂಗಾ? ನೀವು ಕಿತ್ತ ಸಾಲಿಗೆ ಪೈರು ನೆಡಬೇಕು. ಬೆಳಿಗ್ಗೆ ಆರಕ್ಕೆ ಬನ್ನಿ.”

ಬೈರಣ್ಣನವರು ಐದೂವರೆಗೇ ಹೋಗಿ ಎದೆಯುಬ್ಬಿಸಿ ನಿಂತರು. ಅಂಜನಮ್ಮ ಸಾಲಿನ ಪಕ್ಕದ ಒಂದು ಗಿಡ ತೋರಿಸಿ, ಇದೇನು ಹೇಳಿ ಎಂದರು. ಬೈರಣ್ಣನವರು ಅದನ್ನು ಬಹಳ ಹೊತ್ತು ನೋಡಿದರು.

“ಕಳೆ,” ಎಂದರು, ತಲೆ ತಗ್ಗಿಸದೆ.

“ಹುಚ್ಚೆಳ್ಳು ರೀ. ನಾನೇ ಹಾಕಿದ್ದು.” ಅಂಜನಮ್ಮ ಗಂಡನ ಕೈಗೆ ಬಿಂದಿಗೆ ಕೊಟ್ಟರು. “ಹೋಗಿ ನೀರು ತನ್ನಿ. ಅದಕ್ಕೆ ಏನೂ ಗೊತ್ತಿರ್ಬೇಕಾಗಿಲ್ಲ.”