ದಾಸವಾಳಕ್ಕೆ ಎರಡಡಿ ಜಾಗ

ದಾಖಲೆ ಕಚೇರಿಯ ಕಟ್ಟಡದಲ್ಲಿ ಇರುವೆಗಳಿಲ್ಲ ಎಂಬುದು ಉದ್ಯಾನಾಧಿಕಾರಿಗಳ ಸಹಿಯುಳ್ಳ ಸತ್ಯ. ಸಹಿ ಹಾಕುವ ಮುನ್ನ ಅವರು ಕಾಗದದ ಮೇಲಿದ್ದ ಮೂರು ಇರುವೆಗಳನ್ನು ಊದಿ ಕೆಳಗೆ ಬೀಳಿಸಿದ್ದು ಮಾತ್ರ ಎಲ್ಲೂ ದಾಖಲಾಗಿಲ್ಲ.

ಇಪ್ಪತ್ತೆರಡು ವರ್ಷ ನಾಲ್ಕು ಜನರ ನಡುವೆ ಕೂತು ಕೆಲಸ ಮಾಡಿದ ಮೇಲೆ ಅವರಿಗೊಂದು ಸ್ವಂತ ಕೋಣೆ ಸಿಕ್ಕಿತ್ತು. ಹತ್ತಡಿ ಉದ್ದ, ಎಂಟಡಿ ಅಗಲ, ಒಂದು ಕಿಟಕಿ. ಕೋಣೆಯ ಮೇಲೆ ಅವರಿಗೆ ಎಲ್ಲಿಲ್ಲದ ಪ್ರೀತಿ. ಆ ಖುಷಿಯಲ್ಲೇ ಹೊರಗೆ ಗೋಡೆಗೆ ಒತ್ತಿದಂತೆ ಸಾಲಾಗಿ ದಾಸವಾಳ ನೆಡಿಸಲು ಹೊರಟರು. ಅವರಿಗೆ ಕೆಂಪು ಬಣ್ಣ ಇಷ್ಟ. ಕಡತದಲ್ಲಿ ಅದನ್ನು 'ವೈಜ್ಞಾನಿಕ ಆಯ್ಕೆ' ಎಂದು ನಮೂದಿಸಲಾಯಿತು.

ಮಾಲಿ ಆಗಲೇ ತಲೆ ಕೆರೆದುಕೊಂಡಿದ್ದ. "ಸಾರ್, ದಾಸವಾಳ ಅಂದ್ರೆ ಹಿಟ್ಟುತಿಗಣೆಗೆ ತವರುಮನೆ. ತಿಗಣೆ ಬಿಡೋ ಸಿಹಿ ಅಂಟಿಗೆ ಇರುವೆ ಬರುತ್ತೆ. ಕೊಂಬೆ ಗೋಡೆಗೆ ತಾಗಿದ್ರೆ ನಾವೇ ಅದಕ್ಕೆ ಸೇತುವೆ ಕಟ್ಟಿಕೊಟ್ಟ ಹಾಗೆ. ಹುಳ ಹತ್ತದ ಗಿಡ ಯಾವ್ದಾದ್ರೂ ನೋಡಿ, ಗೋಡೆಯಿಂದ ದೂರ ಹಾಕೋಣ."

"ಸಸ್ಯತಜ್ಞ ನೀನೋ ನಾನೋ?"

"ನೀವೇ ಸಾರ್," ಎಂದು ಮಾಲಿ ಗುಂಡಿ ತೋಡಿದ.

ಹೂ ಬಿಟ್ಟಿತು. ಕಚೇರಿಗೆ 'ಸುಂದರ ಕಟ್ಟಡ' ಎಂಬ ಫಲಕ ಬಂತು, ಅದರಲ್ಲಿ ದಾಸವಾಳದ ಚಿತ್ರವಿತ್ತು. ಆಮೇಲೆ ಮಾಲಿ ಹೇಳಿದವರೆಲ್ಲ ಹೇಳಿದ ಕ್ರಮದಲ್ಲೇ ಆಗಮಿಸಿದರು. ಮೊದಲು ತಿಗಣೆ, ಅದರ ಬೆನ್ನಿಗೆ ಇರುವೆ. ಮುಖ್ಯಾಧಿಕಾರಿಗಳ ಟೀ ಲೋಟದಲ್ಲಿ ಐದು ತೇಲಿದ ದಿನವೇ ಸುತ್ತೋಲೆ ಹೊರಟಿತು. ಕರಡು ಬರೆದವರು ಉದ್ಯಾನಾಧಿಕಾರಿಗಳೇ.

"ಕಟ್ಟಡದ ಗೋಡೆಗೂ ಯಾವುದೇ ಗಿಡಕ್ಕೂ ನಡುವೆ ಎರಡು ಅಡಿಗೆ ಕಡಿಮೆಯಿಲ್ಲದ ಅಂತರವಿರತಕ್ಕದ್ದು. ಇಲ್ಲವಾದಲ್ಲಿ ಕೂಡಲೇ ಸರಿಪಡಿಸತಕ್ಕದ್ದು."

ಗಿಡ ಕಿತ್ತರೆ ಮುಗಿಯುತ್ತಿತ್ತು. ಆದರೆ ಕೀಳಲು ಕಾರಣ ಬರೆಯಬೇಕು, ಕಾರಣವೆಂದರೆ 'ನನ್ನ ಆಯ್ಕೆ ತಪ್ಪು' ಎಂಬ ಮೂರೇ ಪದ. ಉದ್ಯಾನಾಧಿಕಾರಿಗಳು ಮೂರು ದಿನ ಪೆನ್ನು ಹಿಡಿದು ಕೂತರು. ಕೊಂಬೆ ಸವರೋಣವೆಂದರೆ ಫಲಕದ ಚಿತ್ರಕ್ಕೂ ಗಿಡಕ್ಕೂ ಹೋಲಿಕೆ ತಪ್ಪುತ್ತಿತ್ತು. ನಾಲ್ಕನೆಯ ದಿನ ಸುತ್ತೋಲೆಯನ್ನು ಮತ್ತೆ ಓದಿದರು. ಸರಿಯಬೇಕಾದ್ದು ಗಿಡವೇ ಎಂದು ಅದರಲ್ಲಿ ಎಲ್ಲೂ ಇರಲಿಲ್ಲ. ಹೋದ ಜೀವ ಬಂದಂತಾಯಿತು.

"ಗೋಡೆ ಸರಿಸೋಣ ಅಂತೀರಾ?" ಮುಖ್ಯಾಧಿಕಾರಿ ಕೇಳಿದರು.

"ಗಿಡಕ್ಕೆ ಬೇರಿದೆ ಸಾರ್. ಗೋಡೆಗೆ ಇಲ್ವಲ್ಲ."

"ಅದೂ ಸರಿನೇ," ಎಂದರು ಮುಖ್ಯಾಧಿಕಾರಿ.

ಗೋಡೆಯನ್ನು ಒಡೆದು ಎರಡಡಿ ಒಳಗೆ ಕಟ್ಟಲಾಯಿತು. ಕೋಣೆಯ ಅಗಲ ಆರಡಿಯಾಯಿತು. ಜಾಗ ಸಿಕ್ಕ ದಾಸವಾಳ ಸುಮ್ಮನಿದ್ದೀತೇ? ಆರೇ ತಿಂಗಳಲ್ಲಿ ಎರಡಡಿ ಹಬ್ಬಿ ಹೊಸ ಗೋಡೆಗೆ ಒರಗಿತು. ನಿಯಮದಂತೆ ಗೋಡೆ ಮತ್ತೆ ಹಿಂದೆ ಸರಿಯಿತು. ಬೀರು ಹೊರಗೆ ಹೋಯಿತು. ಮೂರನೆಯ ಸಲ ಮೇಜೂ ಹೋಗಿ, ಎರಡಡಿಯ ಕೋಣೆಯಲ್ಲಿ ಉದ್ಯಾನಾಧಿಕಾರಿಗಳು ಗೋಡೆಗೆ ಬೆನ್ನು ಹಚ್ಚಿ ಅಡ್ಡಡ್ಡ ನಡೆದು ಕುರ್ಚಿ ತಲುಪತೊಡಗಿದರು. ಮನೆಯಲ್ಲೂ ಹಾಗೇ ನಡೆಯುವುದನ್ನು ಹೆಂಡತಿ ಕಂಡರು.

"ಯಾಕ್ರೀ ಏಡಿ ಥರ ನಡೀತೀರಾ? ತಪ್ಪಾಯ್ತು ಅಂತ ಬರೆದುಬಿಡಿ. ನಿಮ್ಮ ಗಂಟೇನು ಹೋಗುತ್ತೆ?"

ಅವರಿಗೆ ನಿಜಕ್ಕೂ ನಾಚಿಕೆಯಾಯಿತು. ಇನ್ನೊಂದು ಸಲ ಗೋಡೆ ಸರಿದರೆ ಕೋಣೆಯೇ ಇರುವುದಿಲ್ಲ. ಮರುದಿನ ಕಣ್ಣು ಮುಚ್ಚಿಕೊಂಡು ಆ ಮೂರು ಪದ ಬರೆದು, ಗಿಡ ಕೀಳಲು ಅನುಮತಿ ಕೋರಿ ಕಳಿಸಿದರು. ಎದೆಯ ಮೇಲಿನ ಭಾರ ಇಳಿಯಿತು.

ಮಧ್ಯಾಹ್ನ ಕಡತ ವಾಪಸು ಬಂತು. "ಗಿಡದ ಆಯ್ಕೆಯು ತಾಂತ್ರಿಕ ವಿಷಯವಾದ್ದರಿಂದ, ಅರ್ಜಿದಾರರ ಹೇಳಿಕೆಯನ್ನು ಸಸ್ಯತಜ್ಞರ ಅಭಿಪ್ರಾಯಕ್ಕಾಗಿ ಕಳುಹಿಸಿದೆ." ಕಚೇರಿಯಲ್ಲಿ ಇದ್ದ ಸಸ್ಯತಜ್ಞರು ಒಬ್ಬರೇ. ಜವಾನ ಕಡತವನ್ನು ಅವರ ತೊಡೆಯ ಮೇಲಿಟ್ಟು ಹೋದ.

ಉದ್ಯಾನಾಧಿಕಾರಿಗಳು ಓದಿದರು. ಸಸ್ಯತಜ್ಞರ ಆಯ್ಕೆಯೇ ತಪ್ಪು ಎಂದು ಯಾರೋ ಬರೆದಿದ್ದರು! ಅಕ್ಷರ ಪರಿಚಿತವೇ, ಆದರೆ ಧಾಟಿ ಸಹಿಸುವಂಥದ್ದಲ್ಲ. ಇಷ್ಟು ವರ್ಷದ ಅನುಭವಕ್ಕೆ ಬೆಲೆಯೇ ಇಲ್ಲವೇ? ಮೈ ಉರಿದುಹೋಯಿತು. ಒಂದೇ ಉಸಿರಿಗೆ ಬರೆದರು: "ಅರ್ಜಿದಾರರಿಗೆ ಸಸ್ಯಗಳ ಬಗ್ಗೆ ಪ್ರಾಥಮಿಕ ತಿಳಿವಳಿಕೆಯೂ ಇದ್ದಂತಿಲ್ಲ. ಅರ್ಜಿಯನ್ನು ತಿರಸ್ಕರಿಸುವುದು." ಅರ್ಜಿದಾರರ ಸಹಿಯ ಕೆಳಗೇ ತಮ್ಮ ಸಹಿ ಹಾಕಿದರು.

ದಾಸವಾಳ ಮತ್ತೆ ಗೋಡೆ ಮುಟ್ಟಿದ ವಾರವೇ ಮೇಸ್ತ್ರಿ ಬಂದು ಗೋಡೆ ಸರಿಸಿದ. ಕೋಣೆ ಮುಗಿಯಿತು. ಕುರ್ಚಿಯನ್ನು ಮೆಟ್ಟಿಲ ಪಕ್ಕದ ಹಾದಿಯಲ್ಲಿ ಹಾಕಿದರು. ಅಲ್ಲಿ ಗಾಳಿ ಚೆನ್ನಾಗಿದೆ ಎಂದು ಎಲ್ಲರೂ ಹೇಳಿದರು, ಮುಖ್ಯಾಧಿಕಾರಿ ಎರಡು ಸಲ ಹೇಳಿದರು.

ಸಂಜೆ ಮಾಲಿ ಬಂದು ಕೈ ಮುಗಿದ. "ಸಾರ್, ಅರ್ಜಿದಾರರಿಗೆ ಗಿಡದ ವಿಷಯ ಏನೇನೂ ಗೊತ್ತಿಲ್ಲ ಅಂತ ತಜ್ಞರು ಬರೆದ್ರಂತೆ. ಇಷ್ಟು ವರ್ಷದಲ್ಲಿ ಇಷ್ಟು ಸರಿಯಾದ ಅಭಿಪ್ರಾಯ ನಾನು ಕೇಳೇ ಇರ್ಲಿಲ್ಲ."

"ತಜ್ಞರು ಅಂದ್ರೆ ಸುಮ್ನೇನಾ?" ಎಂದು ಉದ್ಯಾನಾಧಿಕಾರಿಗಳು ಸಂತೋಷಪಟ್ಟು, ಮೆಟ್ಟಿಲು ಇಳಿಯುವವರಿಗೆ ದಾರಿ ಬಿಡಲು ಕುರ್ಚಿ ಹಿಡಿದುಕೊಂಡು ಎದ್ದು ನಿಂತರು.