ಒಪ್ಪಿಗೆ ಕೇಳುವ ಆ್ಯಪು

ನಮ್ಮ ಮ್ಯಾನೇಜರಿಗೆ ಒಂದು ಅಭ್ಯಾಸ. ಫೋನಿನಲ್ಲಿ ಯಾವ ಆ್ಯಪು ಏನು ಕೇಳಿದರೂ ಹೆಬ್ಬೆರಳನ್ನು ಅಂಗಿಗೆ ಒಂದು ಸಲ ಒರೆಸಿಕೊಂಡು, ಅಕ್ಷರ ಪೂರ್ತಿ ಮೂಡುವ ಮೊದಲೇ 'ಒಪ್ಪಿಗೆ' ಒತ್ತಿಬಿಡುತ್ತಾರೆ. ಟಾರ್ಚಿನ ಆ್ಯಪು ಫೋನ್ ನಂಬರುಗಳನ್ನೆಲ್ಲ ಕೇಳಿದರೂ ಒಪ್ಪಿಗೆ. ಹೋದ ವರ್ಷ ತೂಕ ಇಳಿಸುವ ಯಾವುದೋ ಆ್ಯಪಿಗೂ ಹಾಗೇ ಒತ್ತಿದರು. ಅದು ಅವರ ಹೆಸರಿನಲ್ಲಿ, ಫೋನಿನಲ್ಲಿದ್ದ ಎಲ್ಲರಿಗೂ, "ನಿಮಗೂ ಇದರ ಅಗತ್ಯವಿದೆ, ಬನ್ನಿ" ಅಂತ ಮೆಸೇಜ್ ಕಳಿಸಿತು. ಅವರ ಅತ್ತೆಗೂ ಹೋಯಿತು. ಅತ್ತೆ ಮೂರು ತಿಂಗಳು ಮಗಳ ಮನೆಗೆ ಕಾಲಿಡಲಿಲ್ಲ. ಸಾರ್ ಆ ಆ್ಯಪನ್ನು ಇನ್ನೂ ತೆಗೆದಿಲ್ಲ.

ಇಂಥವರ ಕೈಕೆಳಗೆ ನನಗೆ ಸಿಕ್ಕ ಕೆಲಸ, ಜನಕ್ಕೆ ಓದಿ ಹೇಳಿ ಒಪ್ಪಿಗೆ ಪಡೆಯುವುದು. ನಗದೆ ಮನೆಗೆ ಬಂದ ದಿನ ಕಡಿಮೆ.

ನಮ್ಮದು ಹುಣಸೂರಿನಲ್ಲಿರುವ ಒಂದು ಸಣ್ಣ ರೈತರ ಕಂಪನಿ. ಬೀಜ, ಗೊಬ್ಬರದ ಸಲಹೆ ಕೊಡಲು ನಮ್ಮ ಆ್ಯಪು ರೈತರ ಪಹಣಿ ನೋಡಬೇಕು. ಪಹಣಿ ಇರುವುದು ಬೇರೆ ಕಂಪ್ಯೂಟರಿನಲ್ಲಿ. "ಇವರು ನಿಮ್ಮ ವಿವರ ಕೇಳುತ್ತಿದ್ದಾರೆ, ಕೊಡಲಾ?" ಅಂತ ಆ ಕಂಪ್ಯೂಟರು ರೈತರನ್ನೇ ಕೇಳುತ್ತದೆ. ಅವರು ಓಟಿಪಿ ಹಾಕಿ, 'ಒಪ್ಪಿಗೆ' ಒತ್ತಿದರೆ ಮಾತ್ರ ಕೊಡುತ್ತದೆ. ಒತ್ತುವ ಬೆರಳು ಅವರದ್ದೇ ಆಗಿರಬೇಕು. ತಿಂಗಳ ಕೊನೆಗೆ ಇನ್ನೂರು ಒಪ್ಪಿಗೆ ಆದರೆ ನನ್ನ ಕೆಲಸ ಕಾಯಂ, ಇಲ್ಲದಿದ್ದರೆ ಮನೆ. ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದ ನನಗೆ ನಾಲ್ಕು ಜನರ ಮುಂದೆ ಗಟ್ಟಿಯಾಗಿ ಕನ್ನಡ ಓದುವುದೆಂದರೆ ಸಾಲಿಗೆರಡು ಸಲ ತಡವರಿಕೆ. ಆದರೂ ಹೊರಟೆ.

ಬೀಗದ ಕೈ

ರಾವಂದೂರಿನಲ್ಲಿ ಒಬ್ಬ ರೈತರು ನನ್ನ ವಿವರಣೆ ಅರ್ಧಕ್ಕೇ ನಿಲ್ಲಿಸಿದರು.

"ಇಷ್ಟೊಂದು ಯಾಕವ್ವ? ಪಹಣಿ ತೆಗ್ಯೋ ನನ್ನ ಪಾಸ್‌ವರ್ಡೇ ಹೇಳ್ತೀನಿ, ಬರ್ಕೊ. ಯಾವಾಗ್ ಬೇಕಾದ್ರೂ ನೋಡ್ಕೊ ಬುಡು."

"ಹಾಗೆ ಕೊಡಬಾರದು ಅಣ್ಣ. ನಿಮ್ಮ ಮನೆಯಿಂದ ನಾನು ಒಂದು ಸೇರು ರಾಗಿ ತರಬೇಕು ಅಂದುಕೊಳ್ಳಿ. ನನ್ನ ಕೈಗೆ ಮನೆ ಬೀಗದ ಕೈ ಕೊಡ್ತೀರಾ? ಇಲ್ಲ. ಅಕ್ಕನಿಗೆ ಫೋನ್ ಮಾಡಿ, 'ಆ ಹುಡುಗಿಗೆ ಒಂದು ಸೇರು ರಾಗಿ ಕೊಡು' ಅಂತೀರಿ. ನನಗೆ ರಾಗಿ ಸಿಗುತ್ತೆ, ಬೇರೆ ಏನೂ ಸಿಗಲ್ಲ. ಇದೂ ಹಾಗೇ."

ನನ್ನ ಹೋಲಿಕೆಗೆ ನನಗೇ ಹೆಮ್ಮೆಯಾಯಿತು. ಅವರು ಗಂಭೀರವಾಗಿ ಯೋಚಿಸಿದರು.

"ಬೀಗದ ಕೈನೇ ತಕ್ಕಂಡೋಗವ್ವ. ನಾನ್ ಫೋನ್ ಮಾಡುದ್ರೆ ನಮ್ಮೋಳು ರಾಗಿ ಕೊಡಾಕಿಲ್ಲ, ಬೈಗುಳ ಕೊಡ್ತಾಳೆ."

ಹನ್ನೊಂದು ಜನರ ಒಪ್ಪಿಗೆ

ಭೇರ್ಯದ ಕಡೆ ಒಬ್ಬರು ಬೆರಳು ಎತ್ತಿದವರು ಹಾಗೇ ಇಳಿಸಿ, "ಮನೇಲಿ ಒಂದ್ ಮಾತ್ ಕೇಳ್ಬುಟ್ ಬತ್ತೀನಿ" ಅಂತ ಹೋದರು. ಫೋನಿನಲ್ಲಿ ಒಪ್ಪಿಗೆ ಕೇಳುವ ಪುಟ ಕಾಯುವುದು ಐದೇ ನಿಮಿಷ. ಅವರು ಬರುವಷ್ಟರಲ್ಲಿ ಮುಚ್ಚಿಕೊಂಡಿತ್ತು. ಜೊತೆಗೆ ಹನ್ನೊಂದು ಜನ ಬಂದಿದ್ದರು.

ಮತ್ತೆ ತೆಗೆದೆ. ದೊಡ್ಡಪ್ಪ ಎನ್ನುವವರು ಕನ್ನಡಕ ಹುಡುಕುವಷ್ಟರಲ್ಲಿ ಮುಚ್ಚಿತು. ಮೂರನೇ ಸಲ, ಬೆಳೆ ಹೆಸರು ತೋರಿಸಬೇಕೋ ಬೇಡವೋ ಅಂತ ಎರಡು ಪಾರ್ಟಿ ಆಯಿತು.

"ಹೆಸ್ರು ನೋಡ್ಲಿ, ಜಮೀನು ನೋಡ್ಲಿ. ಬೆಳೆ ಯಾಕ್ಲಾ ನೋಡ್ಬೇಕು? ದೃಷ್ಟಿ ಆಯ್ತದೆ."

"ಕಂಪ್ಯೂಟರ್ ದೃಷ್ಟಿ ಆದದೇನ್ಲಾ, ಸುಮ್ಕಿರು."

ನಾಲ್ಕನೇ ಸಲಕ್ಕೆ ಎಲ್ಲರೂ ಒಪ್ಪಿದರು. ಎಷ್ಟು ಒಪ್ಪಿದರೆಂದರೆ ಐದು ಬೆರಳು ಒಟ್ಟಿಗೆ ನುಗ್ಗಿದವು. ಮೊದಲು ತಲುಪಿದ ಬೆರಳು 'ಬೇಡ' ಮೇಲೆ ಬಿತ್ತು.

ಕೊನೆಯ ಸಾಲು

ತಿಂಗಳ ಕೊನೆಯ ದಿನ. ಹೆಗ್ಗಡದೇವನಕೋಟೆ ಹತ್ತಿರದ ಒಂದು ಹಳ್ಳಿಯ ಹಾಲಿನ ಡೇರಿ ಜಗಲಿ. ನೂರ ತೊಂಬತ್ತೊಂಬತ್ತು ಆಗಿತ್ತು. ಮ್ಯಾನೇಜರು ಫೋನಿನಲ್ಲಿ, "ಒಂದೇ ಒಂದು ಕಣ್ರೀ, ಒತ್ತಿಸಿಬಿಡಿ" ಅಂತ ಜಪ ಮಾಡುತ್ತಿದ್ದರು.

ಆಗ ಬಂದವರು ಅರವತ್ತರ ಒಬ್ಬ ಹೆಂಗಸು. ತೀರಿಕೊಂಡ ಗಂಡನ ಜಮೀನು ಈಗ ಅವರ ಹೆಸರಲ್ಲಿದೆ. ಫೋನ್ ನಂಬರು ಮಾತ್ರ ಅವರ ಅಣ್ಣನದು, ಹಾಗಾಗಿ ಓಟಿಪಿ ಹೇಳಲು ಅಣ್ಣನೂ ಬಂದಿದ್ದರು. ಓಟಿಪಿ ಹೇಳಿದ್ದೇ ಅವಸರ ಶುರು.

"ಒತ್ತಮ್ಮಿ, ಬೇಗ ಒತ್ತು. ಬಸ್ಸು ಬತ್ತದೆ."

"ತಡಿಯಣ್ಣ, ಆ ಮಗ ಓದ್ಲಿ."

ಓದಿದೆ. ಒಂದು ಸಾಲು ಉಳಿಯಿತು. ಆ ಸಾಲು ಕೇಳಿದವರು ಸಾಮಾನ್ಯವಾಗಿ, ಇದರಲ್ಲೇನೋ ಇದೆ ಅಂತ ಅನುಮಾನಪಟ್ಟು, "ಅಂಗಾರೆ ಇನ್ನೊಂದ್ ದಿನ ನೋಡನ" ಅಂತ ಎದ್ದು ಹೋಗುತ್ತಾರೆ. ಇವತ್ತೊಂದು ದಿನ ಅದನ್ನು ಓದದೆ ಬಿಟ್ಟುಬಿಡಲೇ ಅನ್ನಿಸಿತು.

"ಇನ್ನೂ ಏನೋ ಅದಲ್ಲ ಮಗ," ಅಂದರು ಅವರು. "ನಂಗೆ ಓದಾಕ್ ಬರಕಿಲ್ಲ. ಆದ್ರೆ ನಿನ್ ಕಣ್ಣು ಅಲ್ಲೇ ನಿಂತದೆ."

ಸಿಕ್ಕಿಬಿದ್ದೆ. "ಈ ಒಪ್ಪಿಗೆಯನ್ನು ಯಾವಾಗ ಬೇಕಾದರೂ ವಾಪಸ್ ಪಡೆಯಬಹುದು" ಅಂತ ಓದಿದೆ.

"ಅಂಗಂದ್ರೆ?"

"ಇವತ್ತು ಕೊಟ್ಟು ನಾಳೆ ಬೇಡ ಅನ್ನಿಸಿದರೆ, ಇಲ್ಲಿ ಒತ್ತಿದರೆ ಆಯಿತಮ್ಮ. ಆಮೇಲೆ ಆ್ಯಪಿಗೆ ನಿಮ್ಮದೇನೂ ಸಿಗಲ್ಲ."

"ಕಾರಣ ಹೇಳ್ಬೇಕಾ?"

"ಬೇಡ."

"ಗಂಡಸ್ರು ಯಾರಾರ ಜೊತೇಲಿ ಬರ್ಬೇಕಾ?"

"ಯಾರೂ ಬೇಡಮ್ಮ."

ಅವರು ಪರದೆಯ ಮೇಲೆ ಇಡಲು ಹೋದ ಬೆರಳನ್ನು ಹಿಂದೆ ತಗೊಂಡು ಜೋರಾಗಿ ನಕ್ಕರು.

"ಕೇಳುಸ್ತಾ ಅಣ್ಣ? ಅಪ್ಪ ಸತ್ತ ವರ್ಷ ರಿಜಿಸ್ಟ್ರಾರ್ ಆಪೀಸಲ್ಲಿ ನೀನು ಇಂಗೇ 'ಒತ್ತಮ್ಮಿ, ಬಸ್ಸು ಬತ್ತದೆ' ಅಂದಿದ್ದೆ. ಓದಿ ಹೇಳೋರು ಒಬ್ರೂ ಇರ್ನಿಲ್ಲ. ಅಪ್ಪನ ಜಮೀನಲ್ಲಿ ನಂಗೆ ಏನೂ ಬ್ಯಾಡ ಅಂತ ಹೆಬ್ಬೆಟ್ಟು ಒತ್ತಿವ್ನಿ ಅಂತ ಊರಿಗ್ ಬಂದ್ಮೇಲೆ ಗೊತ್ತಾಯ್ತು."

ಜಗಲಿ ಮೇಲಿದ್ದವರೆಲ್ಲ ಗೊಳ್ಳೆಂದರು. ಅಣ್ಣ ಮಾತ್ರ ಎದ್ದು ನಿಂತು, "ಬಸ್ಸು ಬಂತು" ಅಂದರು. ರಸ್ತೆಯಲ್ಲಿ ಒಂದು ಎಮ್ಮೆ ಬಿಟ್ಟರೆ ಏನೂ ಇರಲಿಲ್ಲ.

ಆಕೆ ನನ್ನ ಕಡೆ ತಿರುಗಿ, ಹೆಬ್ಬೆರಳನ್ನು ನನ್ನ ಮುಖದ ಮುಂದೆ ಹಿಡಿದರು.

"ಮಗ, ಅವತ್ತು ಒತ್ತಿದ್ನ ವಾಪಸ್ ತಗೊಳ್ಳೋ ಬಟನ್ ಎಲ್ಲದೆ, ಅದ್ನ ಮೊದ್ಲು ತೋರ್ಸು. ಆಮೇಕೆ ನಿಂದು ಒತ್ತೀನಿ."